ಹೆಜ್ಜೆಗೊಂದು ಗೆರೆ

ನಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕ ನೋಡಿಕೊಳ್ಳುವವರನ್ನು ನಾವೆಲ್ಲ ‘ಮೆಲ್ಲಗೆ ಸರ್’ ಎಂದೇ ಕರೆಯುವುದು, ಏಕೆಂದರೆ ಅವರು ದಿನಕ್ಕೆ ನೂರು ಸಲ ಹೇಳುವ ಮಾತು ಅದೊಂದೇ. ಪಕ್ಕದ ಕೋಣೆಯಲ್ಲಿ ನಾವು ಚಿನ್ನದ ಬಿಲ್ಲೆಯ ಮೇಲೆ ಪುಡಿ ಹರಡಿ, ಕಾಯಿಸಿ ಬೆಳೆಸುವ ಗ್ರಾಫೀನ್ ಎಂಬ ಇಂಗಾಲದ ಪಟ್ಟಿಗಳು ಒಂದು ಪರಮಾಣು ದಪ್ಪ, ಏಳು ಪರಮಾಣು ಅಗಲ. ಅವುಗಳ ಅಂಚು ನೆಟ್ಟಗಿದೆಯೇ ಎಂದು ಚಿತ್ರ ತೆಗೆದು ಹೇಳುವುದು ಅವರ ಕೆಲಸ. ಒಂದು ಚಿತ್ರ ಮೂಡಲು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಯಾರಾದರೂ ಹತ್ತಿರ ನಡೆದಾಡಿದರೆ ನೆಲ ಅದುರಿ ಚಿತ್ರದಲ್ಲಿ ಹೆಜ್ಜೆಗೊಂದು ಅಡ್ಡಗೆರೆ ಬೀಳುತ್ತದೆ. ಹಾಗಾಗಿ ಅವರು ಎಲ್ಲರ ಚಪ್ಪಲಿ ಬಿಡಿಸುತ್ತಾರೆ, ಲಿಫ್ಟ್ ನಿಲ್ಲಿಸುತ್ತಾರೆ, ಸೀನು ಬಂದವರನ್ನು ರಸ್ತೆಗೆ ಅಟ್ಟುತ್ತಾರೆ. ನಿರ್ದೇಶಕರಿಗೇ ಒಮ್ಮೆ, “ತಾವು ಸ್ವಲ್ಪ ತೂಕ ಇಳಿಸ್ಕೊಂಡ್ರೆ ಸಂಶೋಧನೆಗೆ ಒಳ್ಳೇದು” ಎಂದಿದ್ದರು. ಮನೆಯ ಕುಕ್ಕರ್ ಕೂಡ ಇವರನ್ನು ಕೇಳಿಯೇ ಸೀಟಿ ಹಾಕುತ್ತದೆಂದು ಅವರ ಹೆಂಡತಿ ಹೇಳುತ್ತಾರೆ. ಒಂದೇ ಒಂದು ಗೆರೆ ಬಿದ್ದರೂ ಚಿತ್ರ ಅಳಿಸಿ ಮೊದಲಿಂದ ಶುರು. ಆದರೆ ಅವರು ಚೌಕಟ್ಟು ಹಾಕಿಸಿ ಮೇಜಿನ ಮೇಲಿಟ್ಟುಕೊಂಡಿರುವ ಒಂದೇ ಒಂದು ಚಿತ್ರದ ತುಂಬ ಗೆರೆಗಳೇ. ಸೇರಿದ ಹೊಸದರಲ್ಲಿ ನಾನು, “ಸರ್, ಇದು ಹಾಳಾಗಿದೆಯಲ್ಲಾ” ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಳಾಗಿಲ್ಲಮ್ಮ. ಅವತ್ತು ನನ್ನ ಮಗಳು ಮೊದಲ್ನೇ ಸಲ ಊರುಗೋಲು ಬಿಟ್ಟು, ಬಾಗಿಲಿಂದ ಇಲ್ಲೀತನಕ ಧಪಧಪ ಅಂತ ನಡ್ಕೊಂಡು ಬಂದ್ಲು. ನಾನು ಮೆಲ್ಲಗೆ ಅನ್ನಲಿಲ್ಲ. ಹನ್ನೊಂದು ಹೆಜ್ಜೆ, ಬೇಕಾದ್ರೆ ಎಣಿಸ್ಕೋ.”