ಇಳಿಯಲು ಬಿಡದ ಲಾರಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೈರ್ ಅಂಗಡಿ ಇದೆ. ಪಂಕ್ಚರ್ ಹಾಕುವುದು, ಗಾಳಿ ತುಂಬುವುದು ನನ್ನ ಕಸುಬು. ಬಾಯಿಗೆ ಬಂದಂತೆ ಬೈಯುವುದು ನನ್ನ ಸ್ವಭಾವ. ಟೈರು ನೋಡಿದರೆ ಸಾಕು, ಓಡಿಸಿದವನ ಬುದ್ಧಿ ನನಗೆ ತಿಳಿಯುತ್ತದೆ. ಬ್ರೇಕ್ ಮೇಲೇ ಬದುಕುವವನು, ಗುಂಡಿ ನೋಡದವನು, ಹೆಂಡತಿಯ ಜೊತೆ ಜಗಳ ಆಡಿಕೊಂಡು ಬಂದವನು, ಎಲ್ಲರೂ ಗೊತ್ತಾಗುತ್ತಾರೆ. ಎಲ್ಲರಿಗೂ ಬೈಗುಳ ಕೊಟ್ಟೇ ಕಳಿಸುತ್ತೇನೆ. ಬೈಯಲು ನನಗೆ ಅವಕಾಶವನ್ನೇ ಕೊಡದ ಡ್ರೈವರ್ ಅಂದರೆ ಜನ್ನಾಪುರದ ಕೃಷ್ಣಪ್ಪಣ್ಣ ಒಬ್ಬರೇ.

ಶಿವಮೊಗ್ಗದ ಮಂಡಿಯಿಂದ ಅಡಿಕೆ ಮೂಟೆ ತುಂಬಿಕೊಂಡು ನಾಗಪುರ, ಕಾನ್ಪುರ ಅಂತ ಹೋಗುವುದು, ಬರುವಾಗ ಸಿಕ್ಕ ಲೋಡು ಹಾಕಿಕೊಂಡು ಬರುವುದು, ನಡುವೆ ಮಂಗಳೂರಿಗೊಂದು ಟ್ರಿಪ್ಪು. ಅವರ ಹರೆಯ, ಮದುವೆ, ಮಗಳ ಬಾಣಂತನ ಎಲ್ಲವೂ ಈ ಟ್ರಿಪ್ಪುಗಳ ನಡುವೆಯೇ ಮುಗಿದುಹೋದವು. ಗಾಡಿ ದುರ್ಗಿಗುಡಿಯ ಚಂದ್ರಹಾಸ ಅವರದು. ಅವರಿಗೆ ಐದಾರು ಲಾರಿಗಳಿವೆ, ಮನಸ್ಸು ಮಾತ್ರ ಹತ್ತು ಲಾರಿಗಳ ಮೇಲಿದೆ.

ಕಳೆದ ವರ್ಷ ಕೃಷ್ಣಪ್ಪಣ್ಣನ ಎಡಗಾಲಿನ ಮಂಡಿ ಕೈಕೊಟ್ಟಿತು. ಕ್ಲಚ್ ತುಳಿಯುವ ಕಾಲು ಅದು. ಇನ್ನು ಲಾರಿ ಓಡಿಸಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಹೆಂಡತಿ ದುರ್ಗಮ್ಮ ಅವತ್ತೇ ಹಟ ಹಿಡಿದರು. ಕೃಷ್ಣಪ್ಪಣ್ಣ ಓನರ್ ಹತ್ತಿರ ಹೋಗಿ ಇಳಿಯುತ್ತೇನೆ ಎಂದಾಗ ಚಂದ್ರಹಾಸರು ಬಹಳ ಚೆನ್ನಾಗಿಯೇ ಮಾತಾಡಿದರು.

"ಲಾರಿ ನಿಲ್ಸೋ ಯಾರ್ಡ್ ನೋಡ್ಕೊಳ್ಳೋಕೆ ನಿಮ್ಮಂಥೋರೇ ಬೇಕು ಕೃಷ್ಣಪ್ಪನವ್ರೇ. ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ನಿಮ್ಮ ಗಾಡಿಗೆ ಒಬ್ಬನ್ನ ತಯಾರು ಮಾಡ್ಕೊಡಿ, ಅಷ್ಟೇ. ಅವನು ಹತ್ತಿದ ದಿನ ನೀವು ಇಳೀರಿ."

ಕೇಳಲು ಎಷ್ಟು ಸುಲಭ! ಒಬ್ಬನನ್ನು ತಯಾರು ಮಾಡುವುದು ಅಂದರೇನು ಎಂದು ಕಲಿಸಿದವರನ್ನೇ ಕೇಳಬೇಕು. ಮೊದಲು ಬಂದವನು ಹೆವಿ ಲೈಸೆನ್ಸ್ ತೋರಿಸಿದ, ರಿವರ್ಸ್ ಹಾಕಲು ಬರುತ್ತಿರಲಿಲ್ಲ. ಲೈಸೆನ್ಸ್ ಹೇಗೆ ಬಂತು ಎಂದರೆ "ಬಂತು ಅಣ್ಣ" ಎಂದ. ಇನ್ನೊಬ್ಬ ಸ್ಟೇರಿಂಗ್ ಹಿಡಿದುಕೊಂಡೇ ಮೊಬೈಲ್‌ನಲ್ಲಿ ತನ್ನ ಮುಖದ ವಿಡಿಯೋ ಮಾಡಿಕೊಳ್ಳುತ್ತಿದ್ದ. ಇಳಿಜಾರಿನಲ್ಲಿ ಡೀಸೆಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಿದವನೂ ಒಬ್ಬನಿದ್ದ. ಅವತ್ತು ಕೃಷ್ಣಪ್ಪಣ್ಣ ನನ್ನ ಅಂಗಡಿಗೆ ಬಂದು ಒಂದರ ಮೇಲೊಂದು ಚಹಾ ಕುಡಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ರಸ್ತೆಯ ಕಾಟ ಬೇರೆ. ಟೋಲಿನಲ್ಲಿ ಫಾಸ್ಟ್‌ಟ್ಯಾಗ್ ಓದಲಿಲ್ಲ ಅಂತ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ. ಮೂತ್ರಕ್ಕೆಂದು ಗಾಡಿ ನಿಲ್ಲಿಸಿದರೂ ಜಿಪಿಎಸ್ ನೋಡಿ ಆಫೀಸಿನಿಂದ ಫೋನು: "ಯಾಕೆ ನಿಂತಿದೆ?" ನಾಗಪುರದ ಗೋದಾಮಿನಲ್ಲಿ ಲೋಡು ಇಳಿಸುವವರು ನಾಳೆ ಬಾ ಎಂದರೆ ಯಾರೂ ಫೋನು ಮಾಡಿ ಯಾಕೆ ಎಂದು ಕೇಳುವುದಿಲ್ಲ. ಅಲ್ಲಿ ಬಿಸಿಲಲ್ಲಿ, ಸ್ನಾನವಿಲ್ಲದೆ, ಪಕ್ಕದಲ್ಲಿ ಕೂತು ಗೊಣಗುವ ಹೊಸಬನ ಜೊತೆ ಕಾಯಬೇಕು. ಇದೆಲ್ಲ ದಾಟಿಯೂ ಕೃಷ್ಣಪ್ಪಣ್ಣ ಇಬ್ಬರನ್ನು ಮನುಷ್ಯರನ್ನಾಗಿ ಮಾಡಿದರು.

ಆಮೇಲೇನಾಯಿತು? ಮೊದಲನೆಯವನು ತಯಾರಾದ ವಾರಕ್ಕೆ ಚಂದ್ರಹಾಸರು ಒಂದು ಹೊಸ ಲಾರಿ ತಂದರು. "ನೀವು ಓಕೆ ಅಂದ ಮೇಲೆ ಕಣ್ಣು ಮುಚ್ಚಿ ಕೊಡ್ತೀನಿ" ಎಂದು ಅವನನ್ನು ಅದಕ್ಕೆ ಹತ್ತಿಸಿದರು. ಎರಡನೆಯವನನ್ನು ಅಪಘಾತ ಮಾಡಿಕೊಂಡವನೊಬ್ಬನ ಜಾಗಕ್ಕೆ ಕಳಿಸಿದರು. ಕೃಷ್ಣಪ್ಪಣ್ಣನ ಪಕ್ಕದ ಸೀಟಿಗೆ ಮತ್ತೊಬ್ಬ ಹಸಿ ಆಳು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಓನರಿಗೆ ಕೃಷ್ಣಪ್ಪಣ್ಣನೂ ಬೇಕು, ಅವರು ತಯಾರು ಮಾಡಿದವರೂ ಬೇಕು. ಚೆನ್ನಾಗಿ ಕಲಿಸಿದ್ದೇ ಅವರಿಗೆ ಶಿಕ್ಷೆಯಾಯಿತು.

ಹೀಗಿರುವಾಗ ಬಂದವನು ಯೋಗರಾಜ್. ಹುಡುಗನೇನಲ್ಲ, ಎರಡು ಮಕ್ಕಳ ತಂದೆ. ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ ನಿಂತುಹೋದ ಮೇಲೆ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು. ಮಾತು ಕಡಿಮೆ. ಮೊದಲ ಟ್ರಿಪ್ಪು ಮಂಗಳೂರಿಗೆ. ಹುಲಿಕಲ್ ಘಾಟಿಯ ಏರಿನಲ್ಲಿ ಕೆಟ್ಟು ನಿಂತ ಗಾಡಿಯವರು ಚಕ್ರದ ಹಿಂದೆ ಕಲ್ಲು ಕೊಡುತ್ತಾರೆ, ಗಾಡಿ ಹೊರಟಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಹಿಂದೆ ಬರುವ ಬೈಕಿನವನು ಅದಕ್ಕೆ ಹೊಡೆದು ಸತ್ತರೂ ಇವರಿಗೆ ಗೊತ್ತಾಗುವುದಿಲ್ಲ. ಕೃಷ್ಣಪ್ಪಣ್ಣನಿಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಈ ಕಲ್ಲಿನ ವಿಷಯಕ್ಕೆ. ಅವತ್ತು ತಿರುವಿನಲ್ಲಿ ಯಾರೋ ಬಿಟ್ಟುಹೋದ ಕಲ್ಲುಗಳಿದ್ದವು. ಮುಂದೆ ಸ್ವಲ್ಪ ಅಗಲ ಸಿಕ್ಕ ಕಡೆ ಯೋಗರಾಜ್ "ಒಂಚೂರು ನಿಲ್ಸಿ ಅಣ್ಣ" ಎಂದ, ಮಳೆಯಲ್ಲೇ ಹಿಂದಕ್ಕೆ ನಡೆದು ಹೋಗಿ ಕಲ್ಲುಗಳನ್ನು ಚರಂಡಿಗೆ ಉರುಳಿಸಿ ಬಂದ. ಯಾರೂ ಅವನಿಗೆ ಹೇಳಿರಲಿಲ್ಲ.

"ಸಿಕ್ಕಿದ ಕಣೋ ಸಿದ್ದು" ಎಂದು ವಾಪಸ್ ಬಂದ ಮೇಲೆ ಕೃಷ್ಣಪ್ಪಣ್ಣ ನನಗೆ ಹೇಳಿದರು. "ಗೇರು, ಕ್ಲಚ್ಚು ಯಾರಿಗೆ ಬೇಕಾದ್ರೂ ಕಲಿಸ್ಬೋದು ಮಾರಾಯ. ಇದನ್ನ ಕಲಿಸೋಕಾಗಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಯೋಗರಾಜನೇ ನಾಗಪುರದ ತನಕ ಓಡಿಸುತ್ತಿದ್ದ. ಆ ಗಾಡಿಯ ಟೈರು ನೋಡಿದರೆ ಸೀಟಿನಲ್ಲಿದ್ದವರು ಕೃಷ್ಣಪ್ಪಣ್ಣನೋ ಅವನೋ ಎಂದು ಹೇಳಲು ನನಗೂ ಆಗುತ್ತಿರಲಿಲ್ಲ. ದುರ್ಗಮ್ಮ ಯಾರ್ಡಿನ ಕುರ್ಚಿಗೆ ದಿಂಬು ಹೊಲಿಯಲು ಶುರುಮಾಡಿದ್ದರು.

ಅಷ್ಟರಲ್ಲಿ ಚಂದ್ರಹಾಸರು ಮತ್ತೊಂದು ಲಾರಿ ಕೊಂಡರು. ಅದಕ್ಕೊಂದು ಸ್ಟೆಪ್ನಿ ಬೇಕೆಂದು ನನ್ನ ಅಂಗಡಿಗೇ ಬಂದರು. ಕೃಷ್ಣಪ್ಪಣ್ಣ ತಮ್ಮ ಗಾಡಿಗೆ ಗಾಳಿ ಹಿಡಿಸುತ್ತಾ ಅಲ್ಲೇ ನಿಂತಿದ್ದರು.

"ಏನ್ ಕೃಷ್ಣಪ್ಪನವ್ರೇ, ಆ ಯೋಗರಾಜ್ ಹೆಂಗೆ? ಹೊಸ ಗಾಡಿಗೆ ಹತ್ತಿಸಿಬಿಡ್ಲಾ?"

ನಾನು ರಾಡು ಕೆಳಗಿಟ್ಟೆ. ಕೃಷ್ಣಪ್ಪಣ್ಣನ ಮುಖ ಬೆವೆತಿತ್ತು. ಒಳಗಿದ್ದ ಸಿಟ್ಟನ್ನಾದರೂ ಉಗಿಯಬಾರದಿತ್ತೇ? ಕೊಟ್ಟ ಮಾತೇನು, ಮಾಡುತ್ತಿರುವುದೇನು ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಅದು ಅವರ ಜಾಯಮಾನವಲ್ಲ.

"ಬೇಡ ಸಾವ್ಕಾರ್ರೇ" ಎಂದರು. "ಅವನಿಗೆ... ಅವನಿಗೆ ಸ್ಟೇರಿಂಗ್ ಮೇಲೆ ನಿದ್ದೆ ಬರತ್ತೆ. ಒಬ್ಬನ್ನೇ ಬಿಡೋಕಾಗಲ್ಲ. ಇನ್ನೂ ಸ್ವಲ್ಪ ದಿನ ನನ್ನ ಹತ್ರಾನೇ ಇರ್ಲಿ."

ಲೆಕ್ಕಾಚಾರ ನನಗೆ ತಕ್ಷಣ ಹೊಳೆಯಿತು. ಹೊಸ ಲಾರಿಗೆ ಬೇರೆ ಯಾರಾದರೂ ಬರಲಿ, ಆಮೇಲೆ ಇವನು ಸರಿಹೋದ ಎಂದು ಹೇಳಿ ಈ ಗಾಡಿ ಒಪ್ಪಿಸಿ ಇಳಿಯುವುದು. ಆದರೆ ಸುಳ್ಳಿನ ಅಭ್ಯಾಸ ಇಲ್ಲದವರಿಗೆ ಎಷ್ಟು ಉಪ್ಪು ಹಾಕಬೇಕೆಂದು ಗೊತ್ತಾಗುವುದಿಲ್ಲ. ರಿವರ್ಸ್ ಸರಿಯಿಲ್ಲ ಅನ್ನಬಹುದಿತ್ತು, ಒರಟು ಅನ್ನಬಹುದಿತ್ತು. ಈ ಪುಣ್ಯಾತ್ಮ ಲಾರಿ ಲೋಕದಲ್ಲಿ ಯಾರೂ ಕ್ಷಮಿಸದ ಒಂದೇ ಒಂದು ದೋಷವನ್ನು ಹುಡುಕಿ ಹೇಳಿದರು.

ಚಂದ್ರಹಾಸರ ಮುಖ ಬಿಳಚಿಕೊಂಡಿತು. "ಅಯ್ಯೋ! ನಿದ್ದೇನಾ? ಎಷ್ಟು ಜನರ ಪ್ರಾಣ ಹೋಗ್ತಿತ್ತು! ಬೇಡವೇ ಬೇಡ ಅವನು. ನೀವು ಹೇಳಿದ್ದು ಒಳ್ಳೇದಾಯ್ತು."

"ಅಷ್ಟೇನಿಲ್ಲ ಸಾವ್ಕಾರ್ರೇ, ಒಂದೊಂದ್ಸಲ..."

"ಒಂದು ಸಲ ಸಾಕಲ್ಲ! ಇವತ್ತೇ ಮನೆಗೆ ಕಳಿಸ್ತೀನಿ" ಎಂದು ಅಲ್ಲಿಂದಲೇ ಯೋಗರಾಜನಿಗೆ ಫೋನು ಹಚ್ಚಿದರು. ಶಿವಮೊಗ್ಗದ ಬೇರೆ ಲಾರಿ ಮಾಲೀಕರಿಗೂ ಒಂದು ಮಾತು ಹಾಕಿಬಿಡುತ್ತೇನೆ, ಪಾಪ ಯಾರಿಗೂ ತೊಂದರೆ ಆಗಬಾರದು ಎನ್ನುತ್ತಾ ತಮ್ಮ ಕಾರು ಹತ್ತಿದರು.

ಕೃಷ್ಣಪ್ಪಣ್ಣ ಕಾರಿನ ಕಿಟಕಿ ಹಿಡಿದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಾನು ಇಳಿಯುವ ಆಸೆಗೆ ಸುಳ್ಳು ಹೇಳಿದೆ, ಅವನಂಥ ಡ್ರೈವರ್ ಇಲ್ಲ ಎಂದರು. ನಾನೂ ಹೌದು ಸ್ವಾಮಿ ಎಂದೆ. ಚಂದ್ರಹಾಸರು ನಕ್ಕು ಅವರ ಕೈ ತಟ್ಟಿದರು. "ಇಷ್ಟು ವರ್ಷದಲ್ಲಿ ನೀವು ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಮಕ್ಕಳಿರೋನು ಅಂತ ಈಗ ಕನಿಕರ ಬಂದಿದೆ ನಿಮಗೆ, ಅಷ್ಟೇ." ಕಾರು ಹೊರಟುಹೋಯಿತು. ಅದರ ನಾಲ್ಕೂ ಚಕ್ರದ ಗಾಳಿ ತೆಗೆಯಬೇಕು ಅನ್ನಿಸಿತು ನನಗೆ.

ಸಂಜೆ ಯೋಗರಾಜ್ ನನ್ನ ಅಂಗಡಿಗೇ ಬಂದ. ಗಾಡಿಯೊಳಗಿದ್ದ ತನ್ನ ಹಾಸಿಗೆ, ಊಟದ ಡಬ್ಬಿ ತೆಗೆದುಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

"ಯೋಗ, ನಾನು ಸುಳ್ಳು ಹೇಳ್ದೆ ಕಣೋ" ಎಂದರು ಕೃಷ್ಣಪ್ಪಣ್ಣ. "ನಿನಗೆ ನಿದ್ದೆ ಬರಲ್ಲ. ಒಂದು ಸಲಾನೂ ಬಂದಿಲ್ಲ. ನನ್ನ ಮಂಡಿ ನೋವಿಗೆ ಹೇಳ್ದೆ."

"ಇರ್ಲಿ ಬಿಡಿ ಅಣ್ಣ. ನನ್ನ ಸಮಾಧಾನಕ್ಕೆ ಯಾಕೆ ನೀವು ನಿಮ್ಮ ಮೇಲೆ ಹಾಕ್ಕೊಳ್ತೀರಿ?" ಎಂದ ಯೋಗರಾಜ್. "ತೂಕಡಿಸೋನಿಗೆ ತಾನು ತೂಕಡಿಸಿದ್ದು ಗೊತ್ತಾಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು. ನನಗೂ ಗೊತ್ತಾಗಿಲ್ಲ. ಪಕ್ಕದಲ್ಲಿ ನೀವಿದ್ದಿದ್ದಕ್ಕೆ ಉಳ್ಕೊಂಡೆ."

"ದೇವರಾಣೆಗೂ ಇಲ್ಲ ಮಾರಾಯ! ಏ ಸಿದ್ದು, ನೀನಾದ್ರೂ ಹೇಳೋ!"

ನಾನು ಹೇಳಿದೆ, ಕೂಗಿ ಹೇಳಿದೆ. ಯೋಗರಾಜ್ ನನ್ನ ಕಡೆ ನೋಡಿ ತಲೆಯಾಡಿಸಿದ, ಚಿಕ್ಕ ಮಕ್ಕಳ ಮಾತಿಗೆ ದೊಡ್ಡವರು ಆಡಿಸುವ ಹಾಗೆ.

"ಮನೇಲಿ ಹೆಂಡ್ತಿಗೆ ಹೇಳ್ಬಿಟ್ಟೆ ಅಣ್ಣ, ಇನ್ಮೇಲೆ ಟ್ರ್ಯಾಕ್ಟರ್ ಕೂಡ ಮುಟ್ಟಲ್ಲ ಅಂತ. ಮಕ್ಕಳ ಮೇಲೆ ಆಣೆ ಮಾಡಿದೀನಿ. ಯಾರನ್ನಾದ್ರೂ ಕೊಲ್ಲೋಕೆ ಮುಂಚೆ ನೀವು ಹೇಳಿದ್ರಲ್ಲ, ಅಷ್ಟು ಸಾಕು."

ಹೀಗೆಂದು ಬಗ್ಗಿ ಅವರ ಕಾಲು ಮುಟ್ಟಿದ. ಕೃಷ್ಣಪ್ಪಣ್ಣ ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೋದರು, ಆದರೆ ಆ ಮಂಡಿ ಮಡಚಲಿಲ್ಲ.