ಮೇಸ್ತ್ರಿಯ ಬಿಳಿ ಕರ್ಚೀಫು

ಅಪ್ಪನ ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಬಾನೆಟ್ ತೆಗೆದು, ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪಿನ ಮುಂದೆ ತಮ್ಮ ಬಿಳಿ ಕರ್ಚೀಫು ಹಿಡಿಯುತ್ತಿದ್ದರು. ಕಲೆ ಬಿದ್ದರೆ ಕಾರು ಕೊಡುತ್ತಿರಲಿಲ್ಲ. ನಮ್ಮದಕ್ಕೆ ಹಿಡಿದ ಕೂಡಲೇ ಕರ್ಚೀಫಿನ ತುಂಬ ಎಣ್ಣೆ ಚುಕ್ಕಿ!

ಹೊಸದಾಗಿ ಕಟ್ಟಿದ ಎಂಜಿನ್, ಹೊಟ್ಟೆ ತುಂಬ ಕುಡಿಯಲಿ ಎಂದು ನಾನೇ ಒಂದು ಲೀಟರ್ ಆಯಿಲ್ ಜಾಸ್ತಿ ಸುರಿದಿದ್ದೆ. ಅಳತೆ ಕಡ್ಡಿ ಎಳೆದು ನೋಡಿದವರೇ ಮೇಸ್ತ್ರಿ ರೇಗಿದರು.

"ಬೆಣ್ಣೆ ದೋಸೆಗೆ ಹಾಕ್ದಂಗೆ ಹಾಕೀರಲ್ರಿ! ಒಳಗ ತಿರುಗೋ ಕ್ರ್ಯಾಂಕು ಅದನ್ನ ಮಜ್ಜಿಗಿ ಕಡ್ದಂಗೆ ಕಡೀತೈತೆ, ಪೈಪಿನಾಗ ಹೊರಗ ಉಗುಳ್ತೈತೆ."

ಹೆಚ್ಚಿನದನ್ನು ಇಳಿಸಿ, ಇಬ್ಬರೂ ದಾವಣಗೆರೆಯಿಂದ ಹರಿಹರಕ್ಕೆ ಓಡಿಸಿಕೊಂಡು ಹೋದೆವು. ಅಲ್ಲಿನ ಹೊಳೆ ಸೇತುವೆಯ ಈಚೆಗೆ ನಿಲ್ಲಿಸಿ, ಎಂಜಿನ್ ಆರಿಸದೆಯೇ ಇನ್ನೊಂದು ಕರ್ಚೀಫು ಹಿಡಿದರು. ಅದನ್ನು ತಿರುಗಿಸಿ ನೋಡಿ, ಅದರಲ್ಲೇ ಮುಖ ಒರೆಸಿಕೊಂಡರು.

ಸೇತುವೆ ಮುಗಿಯುವವರೆಗೂ ನಾನು ಹಾರನ್ನಿನಿಂದ ಕೈ ತೆಗೆಯಲಿಲ್ಲ.