ಅಮ್ಮತ್ತಿಯ ಹಲ್ಲಿನ ಡಾಕ್ಟರಮ್ಮ

ಡಾಕ್ಟರಮ್ಮನ ಎಡಗೈಯ ತೋರುಬೆರಳಿನಲ್ಲಿ ಹಲ್ಲಿನ ಗುರುತಿತ್ತು. ಹಿಂದೆ ಯಾವುದೋ ಮಗು ಕಚ್ಚಿದ ಗಾಯ, ಒಣಗಿ ಬಿಳಿಚಿಕೊಂಡಿತ್ತು. ಕೇಳಿದವರಿಗೆ, "ತಪ್ಪು ಮಗುವಿನದ್ದಲ್ಲ, ಬಾಯಿಗೆ ಬೆರಳು ಹಾಕಿದವಳದ್ದು" ಎನ್ನುತ್ತಿದ್ದರು. ಅಮ್ಮತ್ತಿ ಪೇಟೆಯಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಯೇ ಅವರ ಕ್ಲಿನಿಕ್. ನಗುವುದು ಕಡಿಮೆ. ರೋಗಿ ಮೆಟ್ಟಿಲು ಹತ್ತುವ ಸದ್ದಿನಲ್ಲೇ ನೋವು ಎಷ್ಟಿದೆಯೆಂದು ಅಂದಾಜು ಮಾಡುತ್ತಿದ್ದರು.

ನನ್ನ ಗಂಡ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಮದುವೆಗೆ ಮೊದಲೇ ಅವರ ಹೃದಯದ ಒಂದು ವಾಲ್ವ್ ಬದಲಿಸಿದ್ದರು. ದವಡೆ ಹಲ್ಲು ನೋವೆಂದು ಹೋದಾಗ ಡಾಕ್ಟರಮ್ಮ ಮೊದಲು ಕೇಳಿದ್ದೇ ಹೃದಯದ ವಿಷಯ. ಕೇಳಿಸಿಕೊಂಡು, "ನಿಮ್ಮ ಒಸಡು ಇವತ್ತು ಮುಟ್ಟೋದಿಲ್ಲ" ಎಂದು ಸಲಾಕೆ ಕೆಳಗಿಟ್ಟರು. ಬದಲಿಗೆ ನನ್ನ ಹಲ್ಲಿನ ಬುಡದಿಂದ ಒಂದು ಚೂರು ಪಾಚಿ ಕೆರೆದು, ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಇಬ್ಬರಿಗೂ ತೋರಿಸಿದರು. ಸಣ್ಣ ಸಣ್ಣ ಎಳೆಗಳು, ಚುಕ್ಕೆಗಳು ಬಿಡುವಿಲ್ಲದೆ ಓಡಾಡುತ್ತಿದ್ದವು.

"ಇವು ಎಲ್ಲರ ಬಾಯಲ್ಲೂ ಇರ್ತವೆ ರೈಟರೇ, ನನ್ನ ಬಾಯಲ್ಲೂ. ಅಲ್ಲೇ ಇದ್ರೆ ಜೀವಕ್ಕೆ ಎಂತದೂ ಇಲ್ಲ. ಒಸಡಿಂದ ರಕ್ತಕ್ಕೆ ಇಳಿದು ನಿಮ್ಮ ವಾಲ್ವಲ್ಲಿ ಕೂತ್ರೆ ಕಷ್ಟ. ಗುರುವಾರ ಬನ್ನಿ. ಹೊರಡೋ ಮುಂಚೆ ಈ ಮಾತ್ರೆ ನುಂಗಿ. ಹಲ್ಲು ತೆಗೆದು ಒಸಡು ಕ್ಲೀನ್ ಮಾಡುವ."

ಗುರುವಾರದ ಹೊತ್ತಿಗೆ ನೋವು ತಗ್ಗಿತ್ತು, ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗಿತ್ತು. ಇವರು ಹೋಗಲಿಲ್ಲ. ಮುಂದಿನ ವಾರ ಡಾಕ್ಟರಮ್ಮ ತಾವೇ ಕಾರು ಮಾಡಿಕೊಂಡು ನಮ್ಮ ಮನೆಗೆ ಬಂದರು. ಇವರು ಒಳಗೆ ಊಟಕ್ಕೆ ಕೂತಿದ್ದರು. ಇಲ್ಲ ಅನ್ನು ಎಂದು ಕೈಯಾಡಿಸಿದರು. ನಾನು ಬಾಗಿಲಲ್ಲೇ ನಿಂತು, "ಮೇಲಿನ ತೋಟಕ್ಕೆ ಹೋಗಿದ್ದಾರೆ ಮೇಡಂ. ಪಿಕ್ಕಿಂಗ್ ಮುಗಿದ ಮೇಲೆ ಬರ್ತಾರೆ" ಎಂದೆ. ಅವರು ಬಾಗಿಲ ಬದಿಗೆ ಒಮ್ಮೆ ನೋಡಿದರು. "ಬೇಗ ಕಳಿಸಿ" ಎಂದು ಹೊರಟುಹೋದರು.

ಆಮೇಲೆ ದಿನವೂ ಸಂಜೆಯಾದರೆ ಸಣ್ಣ ಜ್ವರ. ಅಂಗಡಿಯ ಮಾತ್ರೆಯಲ್ಲೇ ಮೂರು ವಾರ ಕಳೆದೆವು. ಉಸಿರು ಕಟ್ಟತೊಡಗಿದಾಗ ಮೈಸೂರಿಗೆ ಕರೆದೊಯ್ದೆ. ಬಾಯಿಯ ಕ್ರಿಮಿ ವಾಲ್ವಿನಲ್ಲಿ ಬೆಳೆದಿದೆ ಎಂದರು ಅಲ್ಲಿನ ಡಾಕ್ಟರರು. ಇವರು ಹತ್ತು ದಿನ ಇದ್ದರು, ಅಷ್ಟೆ.

ನನಗೆ ಅಳು ಬರಲಿಲ್ಲ. ಜನ ಬಂದರು, ಕೂತರು, ಎದ್ದು ಹೋದರು. ಯಾರಾದರೂ ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ. ತಿಥಿ ಮುಗಿದ ಮೇಲೆ ಡಾಕ್ಟರಮ್ಮ ಬಂದರು. ನನ್ನ ಮುಖ ನೋಡಿ ಕೇಳಿದರು: "ಹಲ್ಲು ಉಜ್ಜಿ ಎಷ್ಟು ದಿನ ಆಯ್ತಮ್ಮ?"

ನೆನಪಿರಲಿಲ್ಲ. ಅವರು ಚೀಲದಿಂದ ಹೊಸ ಬ್ರಶ್ ತೆಗೆದು, ಪೇಸ್ಟ್ ಹಾಕಿ, ಹಿತ್ತಲ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ನಾನು ಉಜ್ಜಿ ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದರು. ಉಗುಳಿದ ನೊರೆಯಲ್ಲಿ ರಕ್ತವಿತ್ತು. ಅದನ್ನು ನೋಡುತ್ತಲೇ ಹೇಳಿಬಿಟ್ಟೆ: "ಅವತ್ತು ಅವರು ಒಳಗೇ ಇದ್ದರು ಮೇಡಂ."

"ಗೊತ್ತಿತ್ತು. ತೋಟಕ್ಕೆ ಹಾಕೋ ಅವರ ಗಮ್‌ಬೂಟ್ ಬಾಗಿಲಲ್ಲೇ ಇತ್ತು." ಅವರು ನಲ್ಲಿ ನಿಲ್ಲಿಸಿದರು. "ನಾನು ತಿರುಗಿ ಹೋಗಬಾರದಿತ್ತು."

ಮರುವಾರದಿಂದ ನನ್ನನ್ನು ಕ್ಲಿನಿಕ್ಕಿಗೆ ಕೆಲಸಕ್ಕೆ ಕರೆದರು. ಎಂಟು ವರ್ಷ ಅವರ ಜೊತೆಗಿದ್ದೆ. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಅವರು ನನ್ನನ್ನು ಕ್ಷಮಿಸಿದರೋ, ತಮ್ಮನ್ನೇ ಕ್ಷಮಿಸಿಕೊಳ್ಳಲಿಲ್ಲವೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಕಳೆದ ವರ್ಷ ಪಾರ್ಶ್ವವಾಯು ಬಡಿದು, ಎರಡೇ ದಿನದಲ್ಲಿ ತೀರಿಕೊಂಡರು. ಆಗಲೂ ನನಗೆ ಅಳು ಬರಲಿಲ್ಲ. ವಾರ ಕಳೆದು ಕ್ಲಿನಿಕ್ಕಿನ ಸಾಮಾನು ಕಟ್ಟುತ್ತಿದ್ದಾಗ, ಎಸ್ಟೇಟಿನ ಕೂಲಿ ಲೈನ್‌ಮನೆಯ ಹೆಂಗಸೊಬ್ಬಳು ಬಾತ ಕೆನ್ನೆಗೆ ಸೆರಗು ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಡಾಕ್ಟರಮ್ಮ ಇಲ್ವಾ?"

"ತೀರಿಹೋದರು. ವಿರಾಜಪೇಟೆಗೆ ಹೋಗಿ, ಅಲ್ಲಿ ಒಬ್ಬರಿದ್ದಾರೆ."

"ಅಷ್ಟು ದೂರವಾ? ಇನ್ನೊಂದು ದಿನ ಹೋಗ್ತೆ" ಎಂದು ಅವಳು ಇಳಿಯತೊಡಗಿದಳು.

ನಾನು ಬಾಗಿಲಿಗೆ ಬೀಗ ಹಾಕಿ ಅವಳ ಹಿಂದೆಯೇ ಇಳಿದೆ. ವಿರಾಜಪೇಟೆಯ ಬಸ್ಸು ಬಂದಾಗ ಅವಳನ್ನು ಮುಂದೆ ಹತ್ತಿಸಿ, ಎರಡು ಟಿಕೆಟ್ ತೆಗೆದೆ.